23ನೇ ಸ್ಥಾನದ ಲೆಕ್ಕ

ಒಲಿಂಪಿಕ್ಸ್‌ನ ರೋಯಿಂಗ್‌ನಲ್ಲಿ ಸಿಂಗಲ್ ಸ್ಕಲ್ಸ್ ಎಂಬ ಸ್ಪರ್ಧೆಯಿದೆ. ಒಂದು ಕಿರಿದಾದ ದೋಣಿ, ಒಬ್ಬರೇ ಸ್ಪರ್ಧಿ, ಎರಡು ಹುಟ್ಟು, 2000 ಮೀಟರ್ ನೀರು. ಹುಟ್ಟು ಹಾಕುವವರು ಗುರಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಮುಂದಿರುವವರಿಗೆ ಹಿಂದಿನವರೆಲ್ಲ ಕಾಣುತ್ತಾರೆ. ಹಿಂದೆ ಬಿದ್ದವರಿಗೆ ಎದುರಿಗೆ ಖಾಲಿ ನೀರಷ್ಟೇ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ರೋಯಿಂಗ್‌ಗೆ ಭಾರತದಿಂದ ಹೋದವರು ಒಬ್ಬರೇ. ಹರಿಯಾಣದ ಬಲರಾಜ್ ಪನ್ವಾರ್, ಸೇನೆಯವರು. ಅವರಿಗೆ ಸಿಕ್ಕಿದ್ದು 23ನೇ ಸ್ಥಾನ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇದಕ್ಕೆ ಜಾಗವಿರುವುದಿಲ್ಲ.

ಆದರೆ ಲೆಕ್ಕ ಬಿಡಿಸಿ ನೋಡೋಣ. ಜುಲೈ 27ರ ಮೊದಲ ಸುತ್ತಿನಲ್ಲಿ ಅವರು ನಾಲ್ಕನೆಯವರು. ಮೂವರಿಗಷ್ಟೇ ನೇರ ಕ್ವಾರ್ಟರ್ ಫೈನಲ್. ಆದರೆ ಪ್ಯಾರಿಸ್‌ನ ರೋಯಿಂಗ್‌ನಲ್ಲಿ ಒಂದು ಸಲ ಸೋತವರನ್ನು ಮನೆಗೆ ಕಳಿಸುತ್ತಿರಲಿಲ್ಲ. 'ರೆಪಶಾಜ್' ಎಂಬ ಇನ್ನೊಂದು ಸುತ್ತು ಇತ್ತು. ಮರುದಿನ ಅದರಲ್ಲಿ ಎರಡನೆಯವರಾಗಿ ಕ್ವಾರ್ಟರ್ ಫೈನಲ್ ತಲುಪಿದರು. ಅಲ್ಲಿ ಪದಕದ ದಾರಿ ಮುಚ್ಚಿತು. ಆಮೇಲೂ ಸ್ಥಾನ ನಿರ್ಧರಿಸಲು ಎರಡು ಸಲ ನೀರಿಗಿಳಿದರು. ಮೊದಲ ದಿನ 7 ನಿಮಿಷ 7.11 ಸೆಕೆಂಡ್, ಕೊನೆಯ ದಿನ 7 ನಿಮಿಷ 2.37 ಸೆಕೆಂಡ್. ಗಾಳಿ, ನೀರು ದಿನಕ್ಕೊಂದು ರೀತಿ ಇರುತ್ತವೆ, ನಿಜ. ಆದರೂ ಪದಕದ ಆಸೆಯೇ ಇಲ್ಲದ ಐದನೇ ರೇಸೇ ಅವರ ಅತಿ ವೇಗದ ರೇಸು!

ಅದೇ ವರ್ಷ ನನ್ನ ಆಪಾ ಅಕೌಂಟೆನ್ಸಿಗೆ ಪರೀಕ್ಷೆ-2 ಬರೆದಳು. ನೆಂಟರು ಫಲಿತಾಂಶ ಕೇಳಿದರೆ ಅಮ್ಮಿ ಚಹಾ ತರಲು ಒಳಗೆ ಹೋಗಿಬಿಡುತ್ತಿದ್ದರು. ಆಪಾ ಮದುವೆ ಮನೆಗಳಿಗೆ ಬರುವುದನ್ನೇ ಬಿಟ್ಟಿದ್ದಳು. ಪಾಸಾದ ಮೇಲೂ ಮನೆಯಲ್ಲಿ ಆ ಮಾತು ಬರಲಿಲ್ಲ. ಈಗ ಬಿ.ಕಾಂ. ಓದುತ್ತಿದ್ದಾಳೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ನಂದೇನು ಕಳ್ಳತನವಾ?" ಅಂದಳು.

ಬಲರಾಜ್ ಕಥೆಯನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. "ಕೊನೆಗೆ ಗೆದ್ದನಾ?" ಎಂದು ಕೇಳಿದರು. ಇಲ್ಲ, ಐದು ಸಲ ಹುಟ್ಟು ಹಾಕಿದರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇ ಸಲ ಹೋಗುವಾಗ ಅವನ ತಾಯಿ ಏನಂದುಕೊಂಡಳೋ" ಅಂದರು.

ನಮ್ಮ ಕಾಮರ್ಸ್ ತರಗತಿಯಲ್ಲಿ ಮೊದಲು ಕಲಿಸುವ ಪಾಠವಿದೆ: ಬ್ಯಾಲೆನ್ಸ್ ಶೀಟ್ ಒಂದು ದಿನದ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಸ್ಥಾನವೂ ಅಂಥದ್ದೇ, ಮಾರ್ಕ್ಸ್ ಕಾರ್ಡೂ ಅಂಥದ್ದೇ. ಈ ಸಲ ನಮ್ಮಲ್ಲಿ ಯಾರಿಗಾದರೂ ಪರೀಕ್ಷೆ-2 ಬರೆಯಬೇಕಾಗಿ ಬಂದರೆ, ಗೆಳೆಯರೇ, ಅವರನ್ನು ಕಂಡು ದಾರಿ ಬದಲಿಸಬೇಡಿ. ನಿಮ್ಮ ನೋಟ್ಸ್ ಕೊಡಿ.