ನಾವು ಒಲೆಯ ಬಳಿಗೆ ಬಂದುದು

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಇರತಕ್ಕದ್ದೆಂಬುದು ವಾಡಿಕೆ. ಅದು ಶಿಸ್ತು, ಸಮಯಪಾಲನೆ, ಸ್ತ್ರೀವಿದ್ಯಾಭ್ಯಾಸ ಇವುಗಳಲ್ಲಿ ಯಾವುದಾದರೊಂದನ್ನು ಕುರಿತಿರುವುದೂ ವಾಡಿಕೆಯೇ. ಹಳೆಯ ವಿದ್ಯಾರ್ಥಿನಿಯರು ಆ ಪುಟವನ್ನು ಗೌರವದಿಂದ ಮಗುಚಿ ಭಾವಚಿತ್ರಗಳಿರುವ ಪುಟಕ್ಕೆ ಹೋಗುವರೆಂಬುದನ್ನು ನಾವು ಬಲ್ಲೆವು. ಆದುದರಿಂದ ಈ ಸಲ ಅಡಿಗೆಯ ವಿಷಯವಾಗಿ ಬರೆಯಲು ಮನಸ್ಸು ಮಾಡಿದ್ದೇವೆ.

ನಮ್ಮನ್ನು ಬಲ್ಲವರು ಇದನ್ನು ಕೇಳಿ ನಗುವರು. ಚಿಕ್ಕಂದಿನಿಂದ ಮಿಶನ್ನಿನ ವಿದ್ಯಾರ್ಥಿನಿಲಯದಲ್ಲಿ ಬೆಳೆದವರು ನಾವು. ಗಂಟೆ ಹೊಡೆದೊಡನೆ ಅನ್ನವು ತಟ್ಟೆಗೆ ಬರುತ್ತಿತ್ತು. ಉಪಾಧ್ಯಾಯಿನಿಯರ ತರಬೇತಿಯ ಕಾಲದಲ್ಲಿಯೂ, ಆ ಬಳಿಕ ಕೆಲಸಕ್ಕೆ ಸೇರಿದ ಮೇಲೂ ಗಂಟೆ ಬದಲಾಯಿತೇ ಹೊರತು ಕ್ರಮ ಬದಲಾಗಲಿಲ್ಲ. ನಲವತ್ತು ದಾಟುವವರೆಗೆ ನಮ್ಮ ಕೈಗೆ ಬರುತ್ತಿದ್ದುದು ಕಾಫಿಯೊಂದೇ. ಇದರಲ್ಲಿ ಅರ್ಧ ಭಾಗ ಬೇಕೆಂದೇ ಆದದ್ದು. ಹೆಣ್ಣುಮಗುವಿನ ಕೈಗೆ ಸೌಟನ್ನು ಕೊಡಲು ಊರಿಗೆ ಊರೇ ಕಾದಿರುವಾಗ, ಪುಸ್ತಕವನ್ನು ಕೊಡುವವರು ನಾಲ್ಕು ಮಂದಿಯಾದರೂ ಇರಲಿ ಎಂಬುದು ನಮ್ಮ ಎಣಿಕೆ. ಆ ಎಣಿಕೆಯು ಇಂದಿಗೂ ಸಡಿಲವಾಗಿಲ್ಲ.

2019ರ ದಸರೆಯ ರಜೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಆಗ್ರಹಕ್ಕೆ ಮಣಿದು ಕೊಪ್ಪ ತಾಲೂಕಿನ ನಾರ್ವೆಗೆ ಹೋಗಿ ನಾಲ್ಕು ದಿನ ಇದ್ದೆವು. ಕುವೆಂಪುರವರು 1904ರಲ್ಲಿ ಹುಟ್ಟಿದ ಹಿರೇಕೊಡಿಗೆಯೂ ಇದೇ ತಾಲೂಕಿನದೆಂದು ಆಕೆ ಹೆಮ್ಮೆಯಿಂದ ಹೇಳಿದಳು. ತಾನು ಹುಟ್ಟಿದ ತಾಲೂಕಿನ ಹೆಮ್ಮೆ ಯಾರಿಗಿಲ್ಲ! ಮನೆಯ ಸುತ್ತಲೂ ಅಡಿಕೆಯ ತೋಟ. ಮಳೆಯು ಹಿಂದೆಗೆದಿದ್ದರೂ ಹಂಚಿನ ಮೇಲಿನ ಪಾಚಿಯು ಇನ್ನೂ ಹಸಿಯಾಗಿಯೇ ಇತ್ತು. ಆಕೆಯ ಅಜ್ಜಿಯವರು ಆಗುಂಬೆಯ ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದವರು. ಓದಿದ್ದು ನಾಲ್ಕನೆಯ ತರಗತಿಯವರೆಗೆ.

ಎರಡನೆಯ ದಿನ ಸಾಯಂಕಾಲ ಅಜ್ಜಿಯವರು ಸೌತೆಕಾಯಿಯನ್ನು ತುರಿಯುತ್ತ ಕುಳಿತಿದ್ದರು. ನಾವು ಬಾಗಿಲ ಹೊರಗೆ ನಿಂತು ನೋಡುತ್ತಿದ್ದೆವು. ಪರಮತದವರಾದ ನಾವು ಇನ್ನೊಬ್ಬರ ಅಡಿಗೆಮನೆಯ ಹೊಸಿಲನ್ನು ಕರೆಯದೆ ದಾಟಬಾರದೆಂಬುದು ನಾವು ಬೆಳೆದ ರೀತಿ. ಅಜ್ಜಿಯವರು ತಲೆಯೆತ್ತದೆಯೇ, "ಒಳಗೆ ಬನ್ನಿ ಟೀಚರಮ್ಮ, ಹೊಸಿಲ ಆಚೆ ನಿಂತರೆ ಬೆಂಕಿ ಕಾಣುವುದಿಲ್ಲ" ಎಂದರು. ಒಳಗೆ ಹೋದೆವು. ಆ ಮನೆಯಲ್ಲಿ ಹಿಂದೆ ಹಾಗೆ ಕರೆಯುತ್ತಿರಲಿಲ್ಲವೆಂದು ಶಿಷ್ಯೆಯು ಆಮೇಲೆ ನಮಗೆ ಮೆಲ್ಲನೆ ತಿಳಿಸಿದಳು.

ಅವರು ಮಾಡುತ್ತಿದ್ದುದಕ್ಕೆ ತುಳುವಿನಲ್ಲಿ ಗೆಂಡದಡ್ಯೆ ಎಂದು ಹೆಸರು. ಹವ್ಯಕರು ಕೆಂಡತ್ತಡ್ಯ ಎನ್ನುವರು. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ಸೌತೆಯ ತುರಿಯೊಡನೆ ತರಿತರಿಯಾಗಿ ಅರೆಯುವರು. ನೀರನ್ನು ಹಾಕುವುದಿಲ್ಲ, ಸೌತೆಯ ನೀರೇ ಸಾಕು. ಬೆಲ್ಲ, ತೆಂಗಿನ ತುರಿ, ಏಲಕ್ಕಿ, ಚಿಟಿಕೆ ಉಪ್ಪು ಇಷ್ಟನ್ನು ಬೆರೆಸಿ, ದಪ್ಪ ತಳದ ಉರುಳಿಯಲ್ಲಿ ಬಾಡಿಸಿದ ಬಾಳೆಯೆಲೆಯನ್ನು ಹಾಸಿ ಸುರಿದು, ಮೇಲೊಂದು ಎಲೆಯನ್ನು ಹೊದಿಸಿ ಮುಚ್ಚುವರು. ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೆ ಕರಟದ ದೊಡ್ಡ ಕೆಂಡ. ಅಜ್ಜಿಯವರು ಗಡಿಯಾರವನ್ನು ನೋಡಲಿಲ್ಲ. ಎಲೆಯ ಅಂಚು ಕರಿಕಾಗುವ ವಾಸನೆ ಬಂದಾಗ ಕೆಳಗಿನ ಕೆಂಡವನ್ನು ಹಿಂದಕ್ಕೆ ಎಳೆದರು. ಬೆಲ್ಲದ ವಾಸನೆ ಬಂದಾಗ ಮೇಲಿನದನ್ನು ಕೆದಕಿದರು. ಮುಚ್ಚಳವನ್ನು ತೆಗೆದಾಗ ಹೊರಗೆ ಕಂದುಗೆಂಪು, ಒಳಗೆ ಮೃದು. ಇದು ಕೇಕಲ್ಲದೆ ಮತ್ತೇನು?

ಬೇಕಿಂಗ್ ಎಂಬುದು ಹಡಗಿನಲ್ಲಿ ಬಂದ ವಿದ್ಯೆಯೆಂದು ನಮ್ಮಲ್ಲಿ ಹಲವರು ತಿಳಿದಿರುವರು. 16ನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಮುಚ್ಚಳ ರೊಟ್ಟಿಯೆಂಬುದುಂಟು. ಮೇಲೂ ಕೆಳಗೂ ಬೆಂಕಿಯಿಟ್ಟು ಬೇಯಿಸುವಂಥದು. ಅದಕ್ಕೂ ಹಿಂದೆ, 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ಮರಗಿಡಗಳ ಜೊತೆಗೆ ಅಡಿಗೆಗೂ ಒಂದು ಅಧ್ಯಾಯವನ್ನು ಕೊಟ್ಟನು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಅವರಿಂದ ಶಾಲೆಯೂ ಅಚ್ಚುಕೂಟವೂ ಹಂಚಿನ ಕಾರ್ಖಾನೆಯೂ ಬಂದವು. ಕೆಂಡವು ಮೊದಲೇ ಇತ್ತು.

ಆದರೆ ಅಕ್ಕಿಗೂ ಗೋಧಿಗೂ ಒಂದು ಮುಖ್ಯ ಭೇದವಿದೆ. ಗೋಧಿಹಿಟ್ಟಿಗೆ ನೀರು ಬಿದ್ದು ನಾದಿದಾಗ ಗ್ಲೂಟೆನ್ ಎಂಬ ಜಾಲವು ಹುಟ್ಟಿ ವಾಯುವನ್ನು ಹಿಡಿದಿಡುವುದು, ಅಕ್ಕಿಯಲ್ಲಿ ಅದಿಲ್ಲ. ಅಡ್ಯೆಯು ಬ್ರೆಡ್ಡಿನಂತೆ ಉಬ್ಬದಿರುವುದಕ್ಕೆ ಇದೇ ಕಾರಣ. ಕಂದುಬಣ್ಣವೂ ಆ ವಾಸನೆಯೂ ಸಕ್ಕರೆಯ ಅಂಶವು ಪ್ರೋಟೀನಿನ ಅಂಶದೊಡನೆ ಕಾವಿನಲ್ಲಿ ಕೂಡಿದಾಗ ಬರುವುವೆಂಬುದನ್ನು 1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿಯು ವಿವರಿಸಿದನು. ಇದನ್ನು ಅಜ್ಜಿಯವರಿಗೆ ಹೇಳಿದಾಗ, "ಅವನು ಒಲೆ ಊದುತ್ತಿದ್ದನೇ?" ಎಂದು ಕೇಳಿದರು.

ನಾವೂ ಒಂದು ಪ್ರಶ್ನೆಯನ್ನು ಕೇಳಿದೆವು: ಅರವತ್ತು ವರ್ಷ ಈ ಒಲೆಯ ಮುಂದೆ ಕುಳಿತಿದ್ದೀರಲ್ಲ, ತಮಗೆ ಇದು ಇಷ್ಟವೇ? ಅವರು ಬಹಳ ಹೊತ್ತು ಸುಮ್ಮನಿದ್ದರು. "ಇಷ್ಟವೋ ಕಷ್ಟವೋ ಯಾರು ಕೇಳಿದರು ಟೀಚರಮ್ಮ? ನೀವೇ ಮೊದಲು" ಎಂದರು. ಉತ್ತರವನ್ನು ಮಾತ್ರ ಹೇಳಲಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿ, ವಿದ್ಯಾರ್ಥಿನಿಲಯದ ಹುಡುಗಿಯರು ಮನೆಗಳಿಗೆ ಹೋದರು, ಅಡಿಗೆಯವರೂ ಹೋದರು. ಗಂಟೆ ಹೊಡೆಯುವವರಿಲ್ಲ, ತಟ್ಟೆಗೆ ಅನ್ನ ಬರುವ ದಾರಿಯಿಲ್ಲ. ಆಗ ನಾವು ನಿಜವಾಗಿ ಒಲೆಯನ್ನು ಹೊತ್ತಿಸಿದೆವು. ಮೊದಲು ಗಂಜಿ, ಒಂದೆಲಗದ ತಂಬುಳಿ. ತರುವಾಯ ಅಕ್ಕಿ ರೊಟ್ಟಿ. ಆಮೇಲೆ ಗೆಳತಿಯೊಬ್ಬರು ಕೊಟ್ಟ ಚಿಕ್ಕ ವಿದ್ಯುತ್ ಒಲೆಯಲ್ಲಿ ಬ್ರೆಡ್ಡು. ಹೆಂಗಸೊಬ್ಬಳು ಹಿಟ್ಟಿನಲ್ಲಿ ಹುಳಿಹಿಟ್ಟನ್ನು ಅಡಗಿಸಿಟ್ಟ ಸಾಮ್ಯವನ್ನು ಇಪ್ಪತ್ತು ವರ್ಷ ಸತ್ಯವೇದದ ತರಗತಿಯಲ್ಲಿ ಹೇಳಿದ್ದೆವು. ಬಟ್ಟೆಯ ಕೆಳಗೆ ಹಿಟ್ಟು ಮೆಲ್ಲನೆ ಏಳುವುದನ್ನು ಕಣ್ಣಾರೆ ಕಂಡುದು ಆಗಲೇ. ಅದನ್ನು ನೋಡುತ್ತ ಕುಳಿತು ಒಂದು ದಿನ ಸಾಯಂಕಾಲದ ಪ್ರಾರ್ಥನೆಯ ಹೊತ್ತು ಮೀರಿಹೋಯಿತು. ಅದಕ್ಕಾಗಿ ನಮಗೆ ಹೆಚ್ಚು ವ್ಯಥೆಯಾಗಲಿಲ್ಲ.

ಶಾಲೆಯು ತಿರುಗಿ ತೆರೆದ ಮೇಲೂ ಈ ಹವ್ಯಾಸವು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ನಮ್ಮ ಕೋಣೆಯಿಂದ ಬೆಣ್ಣೆಯ ವಾಸನೆ ಬರುವುದನ್ನು ಹುಡುಗಿಯರು ಬೇಗ ಕಂಡುಹಿಡಿದರು. ಇಂಥ ಒಂದು ಶನಿವಾರ ಪೋಷಕರೊಬ್ಬರು ಮಗಳ ವರ್ಗಾವಣೆ ಪತ್ರಕ್ಕೆಂದು ಬಂದರು. ಹುಡುಗಿಯು ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾಗಿದ್ದಳು. ಮುಂದೆ ಯಾವ ಕಾಲೇಜೆಂದು ಕೇಳಿದೆವು. ಅವರು ನಮ್ಮ ಕೈಗೆ ಅಂಟಿದ್ದ ಹಿಟ್ಟನ್ನು ನೋಡಿ ನಕ್ಕು, "ತಾವೇ ಕೊನೆಗೆ ಒಲೆಯ ಹತ್ತಿರಕ್ಕೆ ಬಂದಿರಲ್ಲ ಅಮ್ಮ! ಹೆಣ್ಣುಮಕ್ಕಳು ಎಷ್ಟು ಓದಿದರೂ ಬರುವುದು ಇಲ್ಲಿಗೇ. ಇವಳಿಗೆ ಇಷ್ಟು ಓದು ಸಾಕು" ಎಂದರು.

ಹಿಟ್ಟಿನ ಕೈಯನ್ನು ತೊಳೆದುಕೊಂಡು ಬಂದು ಅವರನ್ನು ಕೂರಿಸಿ ಹೇಳಿದೆವು: ನಾವು ಒಲೆಯ ಬಳಿಗೆ ಬಂದುದು ಸ್ವಂತ ಸಂಪಾದನೆಯ ಬೆಣ್ಣೆಯನ್ನು ತೆಗೆದುಕೊಂಡು. ಬೇಕೆನಿಸಿದ ದಿನ ಬರುವೆವು, ಸಾಕೆನಿಸಿದಾಗ ಎದ್ದು ಹೋಗುವೆವು. ರೊಟ್ಟಿಯು ಕರಿಕಾದರೆ ನಮ್ಮನ್ನು ಗದರಿಸುವವರು ಯಾರೂ ಇಲ್ಲ. ತಮ್ಮ ಮಗಳೂ ಇದೇ ದಾರಿಯಿಂದ ಒಲೆಗೆ ಬರುವುದಾದರೆ ನಾವೇ ಅವಳಿಗೆ ಕಲಿಸುವೆವು. ಈಗ ಕಾಲೇಜಿಗೆ ಕಳುಹಿಸಿರಿ. ಅವರು ಪತ್ರವನ್ನು ತೆಗೆದುಕೊಂಡು ಹೊರಟರು. ಜೂನ್ ತಿಂಗಳಲ್ಲಿ ಹುಡುಗಿಯು ವಿಜ್ಞಾನಕ್ಕೆ ಸೇರಿದಳೆಂದು ತಿಳಿಯಿತು. ಅದು ನಮ್ಮ ಮಾತಿನಿಂದಲೋ ತಾಯಿಯ ಹಟದಿಂದಲೋ ಹೇಳಲಾರೆವು. ತಾಯಿಯ ಹಟವೇ ಇರಬೇಕು.

ಮಾರ್ಥಳನ್ನೂ ಮರಿಯಳನ್ನೂ ಕುರಿತು ನಮ್ಮ ದೇವಾಲಯಗಳಲ್ಲಿ ಪ್ರಸಂಗಗಳಿಗೆ ಕೊರತೆಯಿಲ್ಲ. ಕೇಳುತ್ತ ಕುಳಿತವಳು ಒಳ್ಳೆಯದನ್ನು ಆರಿಸಿಕೊಂಡಳು, ನಿಜ. ಆದರೆ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಸಮುದ್ರದ ದಡದಲ್ಲಿ ಕೆಂಡದ ಬೆಂಕಿಯ ಮೇಲೆ ಮೀನನ್ನೂ ರೊಟ್ಟಿಯನ್ನೂ ಸಿದ್ಧಮಾಡಿಟ್ಟು ಶಿಷ್ಯರನ್ನು ಊಟಕ್ಕೆ ಕರೆದಾತನು ಕರ್ತನೇ. ಅಲ್ಲಿ ಹೆಂಗಸರ ಸುಳಿವೇ ಇಲ್ಲ. ಗಂಡುಮಕ್ಕಳಿರುವ ಪೋಷಕರು ಆ ಅಧ್ಯಾಯವನ್ನು ಮನೆಯಲ್ಲಿ ಓದಿಸಬೇಕೆಂದು ಬೇಡುವೆವು.

ಕಳೆದ ವರ್ಷ ಮತ್ತೆ ನಾರ್ವೆಗೆ ಹೋಗಿದ್ದೆವು. ಮನೆಗೆ ಗ್ಯಾಸಿನ ಒಲೆ ಬಂದು ಬಹಳ ಕಾಲವಾಗಿದೆ; ಸೌದೆಯ ಒಲೆಯು ಸ್ನಾನದ ಹಂಡೆಯ ಕೆಳಗೆ ಮಾತ್ರ ಉಳಿದಿದೆ. ಅಜ್ಜಿಯವರ ಕೈ ನಡುಗುತ್ತದೆ. ಮೊಮ್ಮಗಳಿಗೆಂದು ಅಡ್ಯೆಯ ಕ್ರಮವನ್ನು ಬರೆದುಕೊಳ್ಳಿ ಎಂದು ನಮ್ಮನ್ನು ಕೇಳಿದರು. ಅವರು ಹೇಳಿದರು, ನಾವು ಉಕ್ತಲೇಖನದ ಹುಡುಗಿಯಂತೆ ಬರೆದೆವು. ಓದಿಸಿ ಕೇಳಿ, ಎರಡು ಕಡೆ ತಿದ್ದಿಸಿ, ಕೆಳಗೆ ತಮ್ಮ ಹೆಸರನ್ನು ತಾವೇ ಬರೆದರು. ಒತ್ತಕ್ಷರವು ಸರಿಯಾಗಿಯೇ ಇತ್ತು. ಅದರ ಪ್ರತಿಯು ನಮ್ಮ ಪುಸ್ತಕಾಲಯದಲ್ಲಿದೆ. ಹಳೆಯ ವಿದ್ಯಾರ್ಥಿನಿಯರು ಬಂದಾಗ ನಕಲು ಮಾಡಿಕೊಳ್ಳಬಹುದು. ಕೆಂಡದ ಅನುಕೂಲವಿಲ್ಲದವರು ವಿದ್ಯುತ್ ಒಲೆಯನ್ನು 180 ಡಿಗ್ರಿಗೆ ಕಾಯಿಸಿ ಸುಮಾರು ಒಂದು ಗಂಟೆ ಇಡಬಹುದು. ಬಾಳೆಯೆಲೆಯನ್ನು ಮಾತ್ರ ಬಿಡಕೂಡದೆಂದು ಅಜ್ಜಿಯವರ ಅಪ್ಪಣೆ.