ಪಟ್ಟದಕಲ್ಲಿನ ದಾರಿ ಮತ್ತು ಜೋಮು ಹಿಡಿದ ಕೈ

ಇಲಕಲ್ಲಿನಿಂದ ಹೊರಟು ಹುನಗುಂದ, ಅಮೀನಗಡಗಳನ್ನು ದಾಟಿ ಐಹೊಳೆಯ ಮೂಲಕ ಪಟ್ಟದಕಲ್ಲಿಗೆ ಸಾಗುವ ದಾರಿ ನನಗೆ ಐವತ್ತು ವರ್ಷಗಳಿಂದ ಪರಿಚಿತವಾದುದು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ನಮ್ಮ ಗುರುಗಳು ಅಮೀನಗಡದವರೆಗೆ ಬಸ್ಸಿನಲ್ಲಿ ಕರೆತಂದು, ಅಲ್ಲಿಂದ ಮುಂದೆ ನಮ್ಮನ್ನು ನಡೆಸಿಕೊಂಡೇ ಒಯ್ಯುತ್ತಿದ್ದರು. ಬುತ್ತಿಯ ಗಂಟಿನಲ್ಲಿ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ. ಬಗಲಲ್ಲಿ ಶಾಸನಗಳ ಪಾಠವನ್ನು ಬರೆದುಕೊಳ್ಳುವ ನೋಟುಪುಸ್ತಕ. ಕಾಲುಗಳು ನೋಯುತ್ತಿದ್ದವು, ಕೈಗಳ ನೆನಪು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಈಗ ಅದೇ ದಾರಿಯನ್ನು ಮೋಟಾರು ಸೈಕಲ್ಲಿನ ಮೇಲೆ ಕ್ರಮಿಸುತ್ತೇನೆ. ಮಠದಲ್ಲಿ ಓದಿದವನು, ಅದೂ ಅರವತ್ತು ದಾಟಿದವನು, ಮೋಟಾರು ಸೈಕಲ್ಲು ಏರುವುದೆ ಎಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಶ್ರಾವಣ ಮಾಸದಲ್ಲಿ ಒಂದೇ ಸಂಜೆಗೆ ಎರಡು ಊರುಗಳ ಪ್ರವಚನವನ್ನು ಒಪ್ಪಿಕೊಂಡವನಿಗೆ ಬಸ್ಸಿನ ವೇಳೆ ಒಗ್ಗುವುದಿಲ್ಲವೆಂಬುದಷ್ಟೇ ಅವರಿಗೆ ನನ್ನ ಉತ್ತರ. ವಾಹನವೂ ನನ್ನಂತೆಯೇ ಹಳೆಯದು. ಹದಿನಾರು ವರ್ಷ ಹುನಗುಂದ ಸೀಮೆಯ ಎರೆಭೂಮಿಯ ಧೂಳನ್ನು ಕುಡಿದದ್ದು.

ಕಳೆದ ಮಾಘ ಮಾಸದ ಒಂದು ನಸುಕಿನಲ್ಲಿ ಹೊರಟು, ಎಲ್ಲಿಯೂ ನಿಲ್ಲದೆ, ಸೂರ್ಯೋದಯವಾದ ಸ್ವಲ್ಪ ಹೊತ್ತಿಗೆ ಪಟ್ಟದಕಲ್ಲನ್ನು ಸೇರಿದೆ. ಮಲಪ್ರಭೆ ಇಲ್ಲಿ ಉತ್ತರಾಭಿಮುಖವಾಗಿ ಹರಿಯುತ್ತಾಳೆ. 2019ರ ಆಗಸ್ಟಿನಲ್ಲಿ ಉಕ್ಕಿ ಗುಡಿಗಳ ಆವರಣದೊಳಕ್ಕೇ ನುಗ್ಗಿದ ನದಿ ಇದೇ ಏನು ಎಂದು ಕೇಳುವಷ್ಟು ಶಾಂತವಾಗಿದ್ದಳು. ಸ್ನಾನ ಮಾಡಿ, ದಂಡೆಯ ಮೇಲೆ ಕುಳಿತು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡೆ. ಇರಿಸಿಕೊಂಡದ್ದು ಕಣ್ಣಿಗೆ ಕಂಡಿತೇ ಹೊರತು ಅಂಗೈಗೆ ತಿಳಿಯಲಿಲ್ಲ. ಕಿರುಬೆರಳು, ಉಂಗುರದ ಬೆರಳುಗಳು ನನ್ನವೇ ಅಲ್ಲವೆಂಬಂತೆ ಮರಗಟ್ಟಿದ್ದವು. ಬಲಗೈಯನ್ನು ಆಸರೆಗೆ ತಂದರೆ ಅದರ ಹೆಬ್ಬೆರಳು, ತೋರುಬೆರಳುಗಳದ್ದೂ ಅದೇ ಗತಿ. ದೀಕ್ಷೆ ಪಡೆದಂದಿನಿಂದ ಒಂದು ದಿನವೂ ತಪ್ಪದೆ ಆ ಸ್ಪರ್ಶವನ್ನು ಬಲ್ಲ ಅಂಗೈಗೆ ಅಂದು ಅದು ಇಲ್ಲವಾದುದನ್ನು ಕಂಡು ನನಗಾದ ಭಯವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಜಾರಿ ಬಿದ್ದೀತೆಂದು ಎರಡೂ ಕೈಗಳನ್ನು ತೊಡೆಯ ಮೇಲಿಳಿಸಿ, ಬಹಳ ಹೊತ್ತು ಹಾಗೆಯೇ ಕುಳಿತೆ. ಇರುವೆಗಳು ಕಚ್ಚಿದಂತೆ ಚುಮುಚುಮು ಎನ್ನುತ್ತ ಸ್ಪರ್ಶ ಮೆಲ್ಲನೆ ಮರಳಿತು.

ಅಂದಿನ ಕೆಲಸವೂ ಕೆಟ್ಟಿತು. ಆವರಣದಲ್ಲಿ ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. 754ರ ಸ್ತಂಭಶಾಸನವೊಂದಿದೆ. ಒಂದೇ ಒಕ್ಕಣೆಯನ್ನು ಕನ್ನಡ ಲಿಪಿಯಲ್ಲಿಯೂ ಉತ್ತರದೇಶದ ಲಿಪಿಯಲ್ಲಿಯೂ ಕೊರೆದಿರುವ ಅಪೂರ್ವ ಕಂಬ ಅದು. ಅದರ ಕೆಲವು ಅಕ್ಷರರೂಪಗಳನ್ನು ಬರೆದುಕೊಳ್ಳುವುದು ನನ್ನ ಉದ್ದೇಶವಾಗಿತ್ತು. ಕಲ್ಲಿನ ಮೇಲಿನ ಅಕ್ಷರ ಸಾವಿರದ ಇನ್ನೂರು ವರ್ಷ ಕಳೆದರೂ ನೆಟ್ಟಗಿದೆ. ನನ್ನ ನೋಟುಪುಸ್ತಕದಲ್ಲಿ ಅದು ಬಾಲಕನ ಬರೆಹದಂತೆ ವಕ್ರವಕ್ರವಾಗಿ ಮೂಡಿತು.

ಊರಿಗೆ ಮರಳಿದ ಮೇಲೆ ಬಾಗಲಕೋಟೆಯ ವೈದ್ಯರೊಬ್ಬರ ಬಳಿಗೆ ಹೋದೆ. ಯಾವ ಬೆರಳು, ಯಾವ ಹೊತ್ತಿನಲ್ಲಿ, ಗಾಡಿ ಓಡಿಸದ ದಿನವೂ ಉಂಟೋ ಎಂದು ಅವರು ತಾಳ್ಮೆಯಿಂದ ಕೇಳಿದರು. ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಅಲ್ನಾರ್ ಎಂಬ ನರವು ಸ್ಪರ್ಶಜ್ಞಾನ ನೀಡುತ್ತದಂತೆ. ಅದು ಅಂಗೈಯ ಬುಡದಲ್ಲಿ ಕಿರುಬೆರಳಿನ ಕಡೆ ಸಾಗುವುದರಿಂದ ಅಲ್ಲಿ ಭಾರ ಹೇರಿದರೆ ಒತ್ತಿಹೋಗುತ್ತದೆ. ಹೆಬ್ಬೆರಳಿನಿಂದ ಉಂಗುರದ ಬೆರಳಿನ ಇನ್ನರ್ಧದವರೆಗಿನದು ಮೀಡಿಯನ್ ನರದ ಪಾಲು. ಅದು ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಹಾದುಬರುತ್ತದೆ. ಮಣಿಕಟ್ಟನ್ನು ಮೇಲಕ್ಕೆ ಮಡಿಚಿ ಗಂಟೆಗಟ್ಟಲೆ ಹಿಡಿದರೆ ಆ ಸುರಂಗ ಇನ್ನಷ್ಟು ಬಿಗಿಯಾಗುತ್ತದೆ. ನನ್ನ ಎಡಗೈಗೆ ಮೊದಲನೆಯದು, ಬಲಗೈಗೆ ಎರಡನೆಯದು ಎಂದು ಅವರ ನಿರ್ಣಯ. ಸಕ್ಕರೆ ಕಾಯಿಲೆಯಿಂದಲೂ ಕತ್ತಿನ ಎಲುಬಿನ ತೊಂದರೆಯಿಂದಲೂ ಹೀಗೆ ಆಗುವುದುಂಟಾದ್ದರಿಂದ ಅವನ್ನೂ ಪರೀಕ್ಷಿಸಿದರು. ಜೊತೆಗೆ ರಕ್ತದಲ್ಲಿ ಬಿ-12 ಎಂಬ ಜೀವಸತ್ವವನ್ನು ನೋಡಿಸಿದರು. ಶುದ್ಧ ಸಸ್ಯಾಹಾರಿಗಳಾದ ನಮ್ಮ ಮನೆತನಗಳವರು ಇದನ್ನು ಗಮನಿಸಬೇಕು. ಈ ಸತ್ವ ಕಾಳು, ಕಾಯಿಪಲ್ಲೆಗಳಲ್ಲಿ ದೊರೆಯುವುದಿಲ್ಲ, ಹಾಲು ಮೊಸರುಗಳಿಂದ ಬಂದಷ್ಟೇ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ನನ್ನಲ್ಲಿ ಅದು ಕೆಳಮಿತಿಗಿಂತ ತುಸುವೇ ಮೇಲಿತ್ತು. ಗುಳಿಗೆ ಬರೆದುಕೊಟ್ಟು, ಗಾಡಿಯನ್ನು ಬಿಡಿ ಎನ್ನಲಿಲ್ಲ, ಗಾಡಿಯ ಹಿಡಿಕೆಯನ್ನು ಒಮ್ಮೆ ನೋಡಿಸಿ ಎಂದರು.

ನೋಡಿಸುವ ಮೊದಲು ಒಂದು ಅವಿವೇಕ ಮಾಡಿದೆ. ಪೇಟೆಯ ಅಂಗಡಿಯೊಂದರವರು ಕೊಟ್ಟ ದಪ್ಪ ಸ್ಪಂಜಿನ ಕವಚವನ್ನು ಹಳೆಯ ಹಿಡಿಕೆಯ ಮೇಲೆಯೇ ಏರಿಸಿಕೊಂಡೆ. ಮೆತ್ತಗಿತ್ತು, ಸುಖವೆನಿಸಿತು, ಆದರೆ ಹಿಡಿಕೆ ಎಷ್ಟು ದಪ್ಪವಾಯಿತೆಂದರೆ ನನ್ನ ಬೆರಳುಗಳು ಅದನ್ನು ಪೂರ್ತಿ ಸುತ್ತಲಾರದೆ ಮೊದಲಿಗಿಂತ ಬಿಗಿಯಾಗಿ ಹಿಡಿಯಬೇಕಾಯಿತು. ಬ್ರೇಕಿನ ಸಲಾಕೆಗೆ ಬೆರಳು ನಿಲುಕುವುದು ತಡವಾಯಿತು. ಒಂದು ಮಧ್ಯಾಹ್ನವಂತೂ ಬಲಗಡೆಯ ಕವಚ ಸರಿದು ಎಕ್ಸಲೇಟರಿನ ಸಂದಿಗೆ ಸಿಕ್ಕಿಕೊಂಡು, ಕೈ ಬಿಟ್ಟರೂ ಗಾಡಿಯ ವೇಗ ಇಳಿಯಲೊಲ್ಲದು! ಕ್ಲಚ್ಚು ಹಿಡಿದು ಬದುಕಿಕೊಂಡೆ. ಅಂದೇ ಅದನ್ನು ಕಿತ್ತೊಗೆದೆ.

ಹುನಗುಂದದ ಮೆಕ್ಯಾನಿಕ್ ತರುಣನೊಬ್ಬನಿದ್ದಾನೆ. ಅವನ ತಂದೆ ನನ್ನ ಪ್ರವಚನಗಳಿಗೆ ತಪ್ಪದೆ ಬರುವವರು. ಅವನು ಗಾಡಿಯನ್ನು ಮುಟ್ಟುವ ಮೊದಲು ನನ್ನನ್ನೇ ಅದರ ಮೇಲೆ ಕೂಡ್ರಿಸಿ, ಒಂದು ಸುತ್ತು ಹೊಡೆದು ಬರಲು ಹೇಳಿ, ಬಂದ ಮೇಲೆ ನಕ್ಕ.

"ಗುರುಗಳ, ನೀವು ಹ್ಯಾಂಡಲ್ ಹಿಡಿಯಾಕತ್ತಿಲ್ಲರಿ, ಅದರ ಕುತ್ತಿಗಿ ಹಿಚಕಾಕತ್ತೀರಿ. ಇನ್ನ ಈ ಗ್ರಿಪ್ ನೋಡ್ರಿ, ರಬ್ಬರ್ ಹೋಗಿ ಕಲ್ಲ ಆಗೈತಿ."

ಅವನ ಮಾತು ನಿಜವಾಗಿತ್ತು. ಹದಿನಾರು ವರ್ಷಗಳ ಬಿಸಿಲಿಗೆ ರಬ್ಬರು ಬಿರುಸಾಗಿ, ಮೇಲಿನ ಗೆರೆಗಳು ಸವೆದು, ಕಬ್ಬಿಣದ ಕೊಳವೆಯ ಕಂಪವನ್ನು ಇದ್ದಂತೆಯೇ ಕೈಗೆ ದಾಟಿಸುತ್ತಿತ್ತು. ಕಂಪವೆಷ್ಟು ಎಂಬುದನ್ನು ಅಂದೇ ಕುಳಿತು ಲೆಕ್ಕ ಹಾಕಿದೆ. ನನ್ನ ಗಾಡಿಯಲ್ಲಿರುವುದು ಒಂದೇ ಸಿಲಿಂಡರು. ಅದರ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಹೊಯ್ದಾಡುವ ಭಾರವನ್ನು ಎದುರಿನಿಂದ ಸರಿದೂಗಿಸಲು ಇನ್ನೊಂದು ಪಿಸ್ಟನ್ ಇಲ್ಲ. ಎಂಜಿನು ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಸೆಕೆಂಡಿಗೆ 75 ನಡುಕಗಳು. ಒಂದು ಗಂಟೆಯ ಪಯಣಕ್ಕೆ 2,70,000. ಅಷ್ಟು ಪೆಟ್ಟುಗಳನ್ನು, ಒಂದೊಂದೂ ಎಷ್ಟೇ ಸಣ್ಣದಿರಲಿ, ನನ್ನ ಅಂಗೈ ಮುಷ್ಟಿ ಕಟ್ಟಿಕೊಂಡು ಸ್ವೀಕರಿಸುತ್ತಿತ್ತು.

ತರುಣ ಮೊದಲು ಎಂಜಿನನ್ನು ಚೌಕಟ್ಟಿಗೆ ಬಿಗಿಯುವ ಬೋಲ್ಟುಗಳನ್ನು ಪರೀಕ್ಷಿಸಿದ. ಒಂದು ಸಡಿಲವಾಗಿತ್ತು. ಆಮೇಲೆ ಹಳೆಯ ಗ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದ. ಬಲಗಡೆಯದನ್ನು ಸೀಳುವಾಗ ಒಳಗಿನ ಪ್ಲಾಸ್ಟಿಕ್ ಕೊಳವೆಗೆ ಗಾಯವಾಗದಂತೆ ಎಚ್ಚರ ವಹಿಸಿದ. ಎಡದ ಗ್ರಿಪ್ಪಿಗೂ ಬಲದ ಗ್ರಿಪ್ಪಿಗೂ ಭೇದವಿದೆಯೆಂಬುದನ್ನು ನಾನು ತಿಳಿದದ್ದು ಅಂದೇ. ಎಡಗಡೆಯದು 22 ಮಿಲಿಮೀಟರು ದಪ್ಪದ ಬರಿಯ ಕೊಳವೆಯ ಮೇಲೆ ಕೂಡುತ್ತದೆ. ಬಲಗಡೆ ಎಕ್ಸಲೇಟರು ತಿರುಗುವ ಕೊಳವೆಯೊಂದು ಮೇಲೆ ಇರುವುದರಿಂದ ಅಲ್ಲಿನ ಗ್ರಿಪ್ಪಿನ ರಂಧ್ರ ಅಷ್ಟು ದೊಡ್ಡದು. ಅದಲು ಬದಲಾದರೆ ಒಂದು ಏರದು, ಇನ್ನೊಂದು ನಿಲ್ಲದು. ಕೊಳವೆಯ ಜಿಡ್ಡನ್ನು ಒರೆಸಿ ಒಣಗಿಸಿ, ಅಂಟು ಸವರಿ, ಮೃದುವಾದ ಆದರೆ ದಪ್ಪವಲ್ಲದ ಹೊಸ ಗ್ರಿಪ್ಪುಗಳನ್ನು ಒಂದೇ ಉಸಿರಿಗೆ ತಳ್ಳಿ ಏರಿಸಿದ. ಎಣ್ಣೆ ಹಚ್ಚಿದರೆ ಸುಲಭವಲ್ಲವೆ ಎಂದು ಕೇಳಿದ್ದಕ್ಕೆ, ಏರಿಸುವುದೂ ಸುಲಭ, ದಾರಿಯಲ್ಲಿ ಕೈಗೇ ಕಿತ್ತು ಬರುವುದೂ ಸುಲಭ ಎಂಬರ್ಥದ ಉತ್ತರ ಬಂತು. ಬಲಗಡೆಯದನ್ನು ತಿರುಗಿಸಿ ಬಿಟ್ಟು, ತಾನಾಗಿಯೇ ಹಿಂದಕ್ಕೆ ಮರಳುತ್ತದೆಯೋ ಎಂದು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿದ. ಕೊಳವೆಯ ಎರಡು ತುದಿಗಳಿಗೆ ಕಬ್ಬಿಣದ ತೂಕದ ಬಿಲ್ಲೆಗಳನ್ನು ಕೂಡಿಸಿದ; ತುದಿ ಭಾರವಾದಷ್ಟೂ ನಡುಕದ ಹರವು ಕಿರಿದಾಗುತ್ತದೆ. ಕೊನೆಗೆ ಕ್ಲಚ್ಚು, ಬ್ರೇಕುಗಳ ಸಲಾಕೆಗಳನ್ನು ಸಡಿಲಿಸಿ, ನನ್ನ ಮೊಣಕೈಯಿಂದ ಬೆರಳಿನವರೆಗೆ ಒಂದೇ ನೇರದಲ್ಲಿರುವಂತೆ ತುಸು ಕೆಳಕ್ಕೆ ಬಾಗಿಸಿ ಬಿಗಿದ. ಇದಕ್ಕೆ ಬಿಡಿಭಾಗವೇನೂ ಬೇಕಾಗಲಿಲ್ಲ, ಒಂದು ಪಾನಾ ಸಾಕಾಯಿತು. ನನ್ನ ಬಲಗೈಗೆ ಅತಿ ಹೆಚ್ಚು ಉಪಕಾರವಾದದ್ದು ಇದರಿಂದಲೇ ಎಂದು ಈಗ ತೋರುತ್ತದೆ.

ಅಂಟು ಒಣಗಲಿ ಎಂದು ಗಾಡಿಯನ್ನು ಅಂದಿನ ರಾತ್ರಿ ಅವನಲ್ಲಿಯೇ ಬಿಟ್ಟು, ಮರುವಾರ ಮತ್ತೆ ಪಟ್ಟದಕಲ್ಲಿಗೆ ಹೊರಟೆ. ಅಮೀನಗಡದಲ್ಲಿ ಇಳಿದು ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಿ ನೋಡಿದೆ, ಎಲ್ಲವೂ ಎಚ್ಚರವಾಗಿದ್ದವು. ಕರದಂಟಿನ ಅಂಗಡಿಯ ಹುಡುಗ ಈ ಅಜ್ಜ ಯಾವ ಜಪದ ಲೆಕ್ಕ ಹಾಕುತ್ತಿದ್ದಾನೆಂದು ನೋಡುತ್ತಿದ್ದ. ಆದರೆ ಐಹೊಳೆಯನ್ನು ಸಮೀಪಿಸುವ ಹೊತ್ತಿಗೆ ಎಡದ ಕಿರುಬೆರಳು ಮತ್ತೆ ಮಂಕಾಗತೊಡಗಿತು. ಹೊಸ ಗ್ರಿಪ್ಪು ಹಾಕಿಸಿಯೂ ಹೀಗೇಕೆ? ಕೈಯನ್ನು ನೋಡಿಕೊಂಡೆ. ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿ ಮುಷ್ಟಿ! ದಾರಿ ಸಮತಟ್ಟಾಗಿತ್ತು, ಎದುರಿಗೆ ಯಾವ ವಾಹನವೂ ಇರಲಿಲ್ಲ. ಆದರೂ ನಾನು ಬೀಳುವವನಂತೆ ಹಿಡಿದಿದ್ದೆ. ಬೆರಳು ಸಡಿಲಿಸಿದೆ. ನಾಲ್ಕು ಹೊಲ ದಾಟುವಷ್ಟರಲ್ಲಿ ಅವು ತಾವೇ ಮತ್ತೆ ಬಿಗಿದುಕೊಂಡವು. ಪಟ್ಟದಕಲ್ಲು ಮುಟ್ಟುವವರೆಗೂ ಇದೇ ಕಲಹ.

ಆ ದಿನ ಗುಡಿಗಳನ್ನು ನಾನು ನೋಡಿದ ಬಗೆಯೇ ಬೇರೆಯಾಯಿತು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ, ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ ಮಲ್ಲಿಕಾರ್ಜುನ, ಅದಕ್ಕೂ ಮೊದಲಿನ ವಿಜಯಾದಿತ್ಯನ ಸಂಗಮೇಶ್ವರ, ಇವನ್ನೆಲ್ಲ ರಾಜರಾಣಿಯರ ಹೆಸರಿನಿಂದಲೇ ನಾನು ಪಾಠ ಮಾಡಿಕೊಂಡು ಬಂದವನು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಬರೆದ ಲೇಖನದಲ್ಲಿಯೂ ಅವೇ ಹೆಸರುಗಳು. ಅಂದು ಮಾತ್ರ ಕೆಂಪು ಮರಳುಗಲ್ಲಿನ ಗೋಡೆಯ ಮೇಲೆ ಅಲ್ಲಲ್ಲಿ ಉಳಿದಿರುವ ಚಾಣದ ಗುರುತುಗಳ ಮೇಲೆ ಕೈಯಾಡಿಸುತ್ತ ನಿಂತೆ. ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ, ಪಾಪನಾಥ ಗುಡಿಯ ರೇವಡಿ ಓವಜ್ಜ: ಹೆಸರು ಉಳಿದವರು ಕೆಲವರೇ. ಉಳಿದ ಅದೆಷ್ಟೋ ಕೈಗಳು ವರ್ಷಗಟ್ಟಲೆ ಇಲ್ಲಿ ಪೆಟ್ಟು ಹೊಡೆದಿವೆ, ಪೆಟ್ಟು ಉಂಡಿವೆ. ಅವಕ್ಕೆ ಜೋಮು ಹಿಡಿಯಲಿಲ್ಲವೆ?

ಈ ಪ್ರಶ್ನೆಯನ್ನು ಇಲಕಲ್ಲಿಗೆ ಮರಳಿ, ಕಲ್ಲಿನ ಕೆಲಸದಲ್ಲಿಯೇ ಮುಪ್ಪಾದ ಒಬ್ಬರ ಮುಂದಿಟ್ಟೆ. ಇಲಕಲ್ಲೆಂದರೆ ಹೊರಗಿನವರಿಗೆ ಸೀರೆ. ಕಲ್ಲಿನ ವ್ಯಾಪಾರಿಗಳಿಗೆ ಕೆಂಪು ಗ್ರಾನೈಟು. ಆ ಹಿರಿಯರು ಒಂದು ಚಾಣವನ್ನು ನನ್ನ ಎಡಗೈಗೆ ಕೊಟ್ಟು, ತಾವೇ ಮೆಲ್ಲನೆ ಅದರ ತಲೆಯ ಮೇಲೆ ಸುತ್ತಿಗೆಯಿಂದ ಬಡಿದರು. ನಾನು ಬಿಗಿಯಾಗಿ ಹಿಡಿದಿದ್ದರಿಂದ ಪೆಟ್ಟು ಮೊಣಕೈವರೆಗೆ ಝುಮ್ಮೆಂದಿತು.

"ಹಂಗ ಬಿಗಿ ಹಿಡದ್ರ ಪೆಟ್ಟು ಕಲ್ಲಿಗಿ ಹೋಗಂಗಿಲ್ರಿ ಗುರುಗಳ, ನಿಮಗ ಬರ್ತೈತಿ. ಗುಬ್ಬಿ ಮರಿ ಹಿಡದಂಗ ಹಿಡೀರಿ. ಹಾರಿ ಹೋಗಬಾರದು, ಸಾಯಲೂ ಬಾರದು."

ಪೆಟ್ಟಿಗೂ ಪೆಟ್ಟಿಗೂ ನಡುವೆ ಕೈ ಬಿಡುವು ಪಡೆಯುತ್ತದೆಂದೂ ಅವರು ತೋರಿಸಿಕೊಟ್ಟರು. ಗಾಳಿಯ ಒತ್ತಡದಿಂದ ಓಡುವ ಡ್ರಿಲ್ಲಿನಲ್ಲಿ ಆ ಬಿಡುವು ಇಲ್ಲ. ಅದನ್ನು ಹಿಡಿದು ದುಡಿದ ತಮ್ಮ ಮಗನಿಗೆ ಚಳಿಗಾಲದ ಮುಂಜಾನೆ ಬೆರಳ ತುದಿಗಳು ಬೆಳ್ಳಗಾಗಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುವುದಿಲ್ಲವೆಂದು ಹೇಳುವಾಗ ಅವರ ದನಿ ಇಳಿಯಿತು. ಇದು ಲೋಕಕ್ಕೆ ಹೊಸತಲ್ಲ. 1911ರಲ್ಲಿಯೇ ಇಟಲಿಯ ಲೋರಿಗಾ ಎಂಬ ವೈದ್ಯರು ಗಾಳಿಸುತ್ತಿಗೆ ಬಳಸುವ ಕಲ್ಲುಕೆಲಸದವರಲ್ಲಿ ಈ ಬಾಧೆಯನ್ನು ಗುರುತಿಸಿದ್ದರು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರು ಇಂಡಿಯಾನಾ ಪ್ರಾಂತದ ಬೆಡ್‌ಫರ್ಡ್ ಎಂಬಲ್ಲಿ ಸುಣ್ಣಕಲ್ಲಿನ ಕುಟಿಗರನ್ನು ಪರೀಕ್ಷಿಸಿ, ಯಂತ್ರದ ನಡುಕ, ಬಿಗಿಹಿಡಿತ, ಚಳಿ ಈ ಮೂರೂ ಕೂಡಿದಾಗ ಬೆರಳುಗಳ ರಕ್ತಸಂಚಾರವೇ ನಿಲ್ಲುವುದನ್ನು ಬರೆದರು. ನನ್ನದು ಹಿಡಿಕೆ ಬದಲಿಸಿದರೆ ಹೋಗುವ ಜೋಮು; ಆ ಮಗನದು ಅಷ್ಟು ಸುಲಭದ್ದಲ್ಲ. ಅವನನ್ನೂ ಅದೇ ವೈದ್ಯರ ಬಳಿಗೆ ಕಳುಹಿಸಿದ್ದೇನೆ. ನಮ್ಮ ಸೀಮೆಯಲ್ಲಿ ಕಲ್ಲಿನ ಕೆಲಸಕ್ಕೆ ಮಕ್ಕಳನ್ನು ಕಳುಹಿಸುವ ಮನೆಗಳು ಅನೇಕವಿವೆ. ಬೆರಳು ಬಿಳುಪೇರುವುದನ್ನು ಚಳಿಯ ಲಕ್ಷಣವೆಂದು ಅಲಕ್ಷಿಸಬೇಡಿರೆಂದು ಅವರಲ್ಲಿ ನನ್ನ ವಿನಂತಿ. ರಾತ್ರಿ ನಿದ್ದೆಯಲ್ಲಿ ಜೋಮು ಹಿಡಿದು ಎಚ್ಚರವಾಗುವವರು, ಕೈಯಿಂದ ವಸ್ತುಗಳು ಜಾರಿ ಬೀಳುವವರು ಗಾಡಿ ಓಡಿಸದಿದ್ದರೂ ವೈದ್ಯರನ್ನು ಕಾಣಬೇಕು.

ಆಮೇಲೆ ನಾಲ್ಕು ಬಾರಿ ಪಟ್ಟದಕಲ್ಲಿಗೆ ಹೋಗಿಬಂದಿದ್ದೇನೆ. ನಸುಕಿನ ಚಳಿಯಲ್ಲಿ ಹೊರಡುವುದನ್ನು ಬಿಟ್ಟು, ಬಿಸಿಲು ಬಿದ್ದ ಮೇಲೆ ಹೊರಡುತ್ತೇನೆ. ಕೈಗವಸು ಹಾಕಿಕೊಳ್ಳುತ್ತೇನೆ, ಆದರೆ ಬಿಗಿಯದಲ್ಲ. ಹುನಗುಂದ, ಅಮೀನಗಡ, ಐಹೊಳೆ, ಮೂರೂ ಕಡೆ ಇಳಿದು ಕೈ ಕೊಡವಿ ಹತ್ತು ನಿಮಿಷ ನಡೆದಾಡುತ್ತೇನೆ. ಇದರಿಂದ ಒಂದು ಲಾಭವೂ ಆಯಿತು: ಇಷ್ಟು ವರ್ಷ ಗಾಡಿಯ ಮೇಲಿಂದಲೇ ಕೈಮುಗಿದು ದಾಟಿಹೋಗುತ್ತಿದ್ದ ಐಹೊಳೆಯ ಚಿಕ್ಕಪುಟ್ಟ ಗುಡಿಗಳ ಬಾಗಿಲವಾಡಗಳನ್ನು ಈಗ ಸಾವಕಾಶವಾಗಿ ನೋಡುತ್ತಿದ್ದೇನೆ. ಎಡದ ಕಿರುಬೆರಳು ಒಮ್ಮೊಮ್ಮೆ ಇನ್ನೂ ಮುನಿಸಿಕೊಳ್ಳುತ್ತದೆ. ಗುಬ್ಬಿ ಮರಿಯನ್ನು ನೆನೆಸಿಕೊಂಡು ಬೆರಳು ಸಡಿಲಿಸಿದರೆ ಸ್ವಲ್ಪ ಹೊತ್ತಿಗೆ ಒಲಿಯುತ್ತದೆ.

ಹೋದ ವಾರ ಮಲಪ್ರಭೆಯ ದಂಡೆಯ ಮೇಲೆ ಅದೇ ಸ್ಥಳದಲ್ಲಿ ಪೂಜೆಗೆ ಕುಳಿತೆ. ನದಿಯ ನೀರು ತಣ್ಣಗಿತ್ತು. ಅಂಗೈಯಲ್ಲಿ ಲಿಂಗದ ತಣ್ಪೂ ಭಾರವೂ ಎರಡೂ ತಿಳಿದವು. ಮಧ್ಯಾಹ್ನ ಸ್ತಂಭಶಾಸನದ ಮುಂದೆ ಕುಳಿತು, ಮಾಘದಲ್ಲಿ ಕೆಟ್ಟಿದ್ದ ಹಾಳೆಯನ್ನು ಹರಿದು, ಅಕ್ಷರಗಳನ್ನು ಮತ್ತೆ ಮೊದಲಿನಿಂದ ಬರೆದುಕೊಂಡೆ.