ಫೋನ್ ಮಾಡೋಕ್ಕೆ ಮುಂಚೆ ಒಂದ್ನಿಮಿಷ...

ಮಿಕ್ಸಿ ನಿಂತುಹೋದರೆ ನಾವು ಯಾರಿಗೂ ಫೋನ್ ಮಾಡೋದಿಲ್ಲ. ಪ್ಲಗ್ ಕಿತ್ತು ಮತ್ತೆ ಚುಚ್ಚುತ್ತೇವೆ, ಕರೆಂಟ್ ಇದೆಯಾ ನೋಡುತ್ತೇವೆ, ತಲೆಕೆಳಗು ಮಾಡಿ ಅಡಿಯಲ್ಲಿರೋ ಕೆಂಪು ಗುಂಡಿ ಒತ್ತುತ್ತೇವೆ. ಅಮ್ಮಂದಿರಿಗೆಲ್ಲ ಗೊತ್ತಿರೋ ವಿದ್ಯೆ ಇದು. ಕಂಪ್ಯೂಟರ್ ಮುಂದೆ ಮಾತ್ರ ಅದ್ಯಾಕೋ ಈ ಧೈರ್ಯ ಬರೋದಿಲ್ಲ!

ನಮ್ಮ ಎದುರುಮನೆ ಮೇಷ್ಟ್ರು ರಿಟೈರ್ ಆಗಿ ಬಹಳ ವರ್ಷವಾಯಿತು. ಹೋದ ತಿಂಗಳು ಒಂದು ದಿನ ಗೇಟಿನ ಹತ್ತಿರ ಸಿಕ್ಕಿ, "ನೋಡಪ್ಪಾ, ಬ್ಯಾಂಕಿನ ಪೇಜೂ ಬರ್ತಿಲ್ಲ, ಮೇಲೂ ಬರ್ತಿಲ್ಲ. ಏನೋ ಇಂಗ್ಲಿಷಲ್ಲಿ ಎಚ್ಚರಿಕೆ ಬರ್ತದೆ. ಅಂಗಡಿ ಹುಡುಗನಿಗೆ ಫೋನ್ ಮಾಡಿದೆ. ವೈರಸ್ ಇರ್ಬೇಕು ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ ಅಂದ. ಸಂಜೆ ಬರ್ತಾನಂತೆ" ಅಂದರು.

ಹೋಗಿ ನೋಡಿದರೆ, ನಿಮ್ಮ ಗಡಿಯಾರ ಹಿಂದಿದೆ ಅಂತ ಆ ಎಚ್ಚರಿಕೆಯಲ್ಲೇ ಬರೆದಿತ್ತು. ಕೆಳಗಿನ ಮೂಲೆಯಲ್ಲಿ 2012ರ ಜನವರಿ 1! ಬ್ಯಾಂಕಿನಂಥ ತಾಣಗಳಿಗೆ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದಕ್ಕೊಂದು ಅವಧಿ. 2012ರಲ್ಲೇ ಕೂತಿರೋ ಕಂಪ್ಯೂಟರಿಗೆ ಇವತ್ತಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ನಂಬೋದಿಲ್ಲ. ಕರೆಂಟ್ ಇಲ್ಲದಾಗಲೂ ದಿನಾಂಕ ನೆನಪಿಟ್ಟುಕೊಳ್ಳೋಕೆ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಸಿಆರ್ 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದು ಸತ್ತಿತ್ತು, ಅಷ್ಟೆ. ದಿನಾಂಕ ಸರಿ ಮಾಡಿದ ಕೂಡಲೆ ಬ್ಯಾಂಕ್ ಬಂತು. ಮಾರನೇ ದಿನ ವಾಚ್ ಅಂಗಡಿಯಿಂದ ಬ್ಯಾಟರಿ ತಂದು ಹಾಕಿದ್ದಾಯಿತು.

ಆದರೆ ನನಗೆ ಎದೆ ಧಸಕ್ಕೆಂದಿದ್ದು ಬೇರೆ ಕಾರಣಕ್ಕೆ. ಡೆಸ್ಕ್‌ಟಾಪ್ ಮೇಲೆ 'ಹಾಡು' ಅಂತ ಒಂದು ಫೋಲ್ಡರ್ ಇತ್ತು. ಮೇಷ್ಟ್ರ ಮನೆಯವರು ತೀರಿಕೊಂಡು ನಾಲ್ಕು ವರ್ಷ. ಅವರು ಹೇಳುತ್ತಿದ್ದ ಸಂಪ್ರದಾಯದ ಹಾಡುಗಳೆಲ್ಲ ಅದರಲ್ಲೇ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಡೆಸ್ಕ್‌ಟಾಪ್ ಮೇಲೆ ಕಾಣೋದೆಲ್ಲ ಸಾಮಾನ್ಯವಾಗಿ ಇರೋದು ಸಿ ಡ್ರೈವಿನಲ್ಲಿ. ಫಾರ್ಮ್ಯಾಟ್‌ನಲ್ಲಿ ಮೊದಲು ಒರೆಸಿಹೋಗೋದೂ ಅದೇ. "ಫಾರ್ಮ್ಯಾಟ್ ಅಂದ್ರೆ ವೈರಸ್ ಮಾತ್ರ ಹೋಗೋದು ಅಂದ್ಕೊಂಡಿದ್ನಲ್ಲಯ್ಯಾ" ಅಂದವರು ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಆ ಹುಡುಗನದೂ ತಪ್ಪು ಅನ್ನಲಾರೆ. ಅವನು ಯಂತ್ರ ಸರಿಮಾಡುವವನು. ಅದರೊಳಗೆ ಏನಿದೆ ಅಂತ ಗೊತ್ತಿರೋದು ನಮಗೇ ತಾನೆ?

ಹಾಗಾಗಿ ಮೊದಲು ಒಂದಿಷ್ಟು ನೋಡಿ. ಸ್ವಿಚ್, ಯುಪಿಎಸ್, ಹಿಂದಿನ ವೈರು. ಕಸ ಗುಡಿಸುವಾಗ ಸಡಿಲವಾಗಿರೋದೇ ಹೆಚ್ಚು. ಮಾನಿಟರಿನಲ್ಲಿ 'ನೋ ಸಿಗ್ನಲ್' ಅಂತ ಬಂದರೆ ಅದಕ್ಕೆ ಜೀವ ಇದೆ ಅಂತ ಅರ್ಥ. ಕೇಬಲ್ಲನ್ನೋ ಸಿಪಿಯು ಪೆಟ್ಟಿಗೆಯನ್ನೋ ನೋಡಬೇಕು. ಎಲ್ಲ ಸ್ತಬ್ಧವಾದರೆ ಕೀಬೋರ್ಡಿನ ನಮ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ಇನ್ನೂ ಉಸಿರಿದೆ, ಸ್ವಲ್ಪ ಕಾಯಿರಿ. ಇಂಟರ್ನೆಟ್ ಬರದಿದ್ದರೆ ಅದೇ ವೈಫೈನಲ್ಲಿ ಮೊಬೈಲ್ ನೋಡಿ. ಅಲ್ಲೂ ಬರದಿದ್ದರೆ ಕಂಪ್ಯೂಟರನ್ನು ಬೈಯಬೇಡಿ, ರೌಟರ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿ.

ಇನ್ನೊಂದು ಮಾತು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಶಟ್ ಡೌನ್ ಬೇರೆ, ರೀಸ್ಟಾರ್ಟ್ ಬೇರೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಬೇಗ ಏಳಲಿ ಅಂತ ಶಟ್ ಡೌನ್ ಮಾಡುವಾಗ ಒಂದಿಷ್ಟನ್ನು ಹಾಗೇ ಉಳಿಸಿಕೊಂಡಿರುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕೆಂದರೆ ರೀಸ್ಟಾರ್ಟನ್ನೇ ಒತ್ತಬೇಕು.

ಏನೇ ಸಂದೇಶ ಬಂದರೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಆದರೆ "ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಅಂತ ಪರದೆ ತುಂಬ ಬಂದು ಕೂಗಿಕೊಂಡರೆ ಆ ಕಡೆ ಇರೋದು ಕಳ್ಳರೇ. ಮೈಕ್ರೋಸಾಫ್ಟಿನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಬ್ರೌಸರ್ ಮುಚ್ಚಿ, ಮುಚ್ಚದಿದ್ದರೆ ರೀಸ್ಟಾರ್ಟ್ ಮಾಡಿ. ಅವರು ಹೇಳಿದ ತಂತ್ರಾಂಶ ಹಾಕಿಕೊಂಡು ದುಡ್ಡು ಹೋಗಿದ್ದರೆ ಬ್ಯಾಂಕಿಗೂ 1930ಕ್ಕೂ ತಕ್ಷಣ ತಿಳಿಸಿ.

ಸುಟ್ಟ ವಾಸನೆ, ಹಾರ್ಡ್ ಡಿಸ್ಕಿನಿಂದ ಕಟಕಟ ಸದ್ದು ಬಂದರೆ ಮಾತ್ರ ಏನೂ ಪ್ರಯೋಗ ಮಾಡದೆ ಆಫ್ ಮಾಡಿ, ಗೊತ್ತಿದ್ದವರನ್ನು ಕರೆಯಿರಿ. ಬಂದವರಿಗೆ ಯಾವಾಗಿನಿಂದ ಹೀಗಾಗಿದೆ, ಅದಕ್ಕೆ ಮುಂಚೆ ಏನು ಹಾಕಿದ್ದಿರಿ ಅಂತ ಹೇಳಿ. ಜೊತೆಗೆ, ಇದರಲ್ಲಿ ಯಾವುದು ಹೋಗಬಾರದು ಅನ್ನೋದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಅದು ಅವರಿಗೆ ಗೊತ್ತಿರೋದಿಲ್ಲ.